ಥ್ರೂ ಟಿಕೆಟ್ಟಿನವರು, ನಡುವೆ ಇಳಿಯುವವರು

ಆಂಟಾಪ್ ಹಿಲ್ಲಿನ ಸಿಜಿಎಸ್ ಕಾಲೊನಿಯಲ್ಲಿ ಪ್ರವಾಸದ ಮಾತು ಎಲ್ಲಿಂದ ಹೊರಟರೂ ಎಲ್‌ಟಿಸಿಗೆ ಬಂದು ಸೇರುತ್ತದೆ. ಕೇಂದ್ರ ಸರ್ಕಾರಿ ನೌಕರರಿಗೆಂದು ಕಟ್ಟಿದ ಈ ಸೆಕ್ಟರುಗಳಲ್ಲಿ ಉಡುಪಿಯವರು, ವಿಜಯಪುರದವರು, ತಮಿಳರು, ಬಿಹಾರದವರು ಒಂದೇ ಮೆಟ್ಟಿಲು ಹತ್ತಿ ಇಳಿಯುತ್ತಾರೆ. ಇಲಾಖೆ ಬೇರೆ ಬೇರೆ, ರಜಾ ಪ್ರಯಾಣ ರಿಯಾಯಿತಿಯ ನಿಯಮ ಮಾತ್ರ ಎಲ್ಲರಿಗೂ ಒಂದೇ. ನಾಲ್ಕು ವರ್ಷಗಳ ಒಂದು ಬ್ಲಾಕಿನಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಿಬರಬಹುದು. ಬೇಕಿದ್ದರೆ ಅದರಲ್ಲೊಂದನ್ನು ಭಾರತದ ಯಾವ ಮೂಲೆಗಾದರೂ ಬದಲಾಯಿಸಿಕೊಳ್ಳಬಹುದು. ಸ್ವಂತ ಊರು ಯಾವುದೆಂದು ಮೊದಲೇ ಬರೆದುಕೊಟ್ಟಿರಬೇಕು. ಇಡೀ ನೌಕರಿಯಲ್ಲಿ ಅದನ್ನು ತಿದ್ದಲು ಅವಕಾಶ ಒಂದೇ ಸಲ. ಇದೆಲ್ಲ 1988ರ ನಿಯಮಾವಳಿಯ ಮಾತು. ಅದರಲ್ಲಿ ಇನ್ನೊಂದು ಅಂಶವಿದೆ: ಸರ್ಕಾರ ಹಣ ಕೊಡುವುದು ಅತಿ ಹತ್ತಿರದ ನೇರ ದಾರಿಗೆ, ಥ್ರೂ ಟಿಕೆಟ್ಟಿನ ಲೆಕ್ಕದಲ್ಲಿ. ನಡುವೆ ಇಳಿದು, ಸುತ್ತಿ ಬಳಸಿ ಹೋದರೆ ಹೆಚ್ಚಿನ ಖರ್ಚು ಅವರವರ ಜೇಬಿನದು.

ಕಾಲೊನಿಯ ರಸ್ತೆಯಲ್ಲಿ ಸಂಜೆ ವಾಕಿಂಗ್ ಮಾಡುತ್ತ ವಾದಕ್ಕೆ ಬಿದ್ದಿದ್ದ ಇಬ್ಬರ ತಕರಾರಿಗೆ ಈ ಕೊನೆಯ ಅಂಶವೇ ಮೂಲ. ಒಬ್ಬರು ಉಡುಪಿ ಕಡೆಯ ನಿವೃತ್ತ ಅಧಿಕಾರಿ. ನಿವೃತ್ತಿಯಾದ ಮೇಲೆ ಕ್ವಾರ್ಟರ್ಸ್ ಬಿಟ್ಟುಕೊಟ್ಟು ವಡಾಲಾದ ಹೌಸಿಂಗ್ ಸೊಸೈಟಿಯೊಂದಕ್ಕೆ ಹೋದವರು, ಆದರೂ ವಾಕಿಂಗಿಗೆ ಇಲ್ಲಿಗೇ ಬರಬೇಕು. ಇನ್ನೊಬ್ಬಳು ಅವರ ಹಳೆಯ ನೆರೆಮನೆಯ ಹುಡುಗಿ. ಅಪ್ಪ ಅಮ್ಮ ಇಂಡಿ ತಾಲ್ಲೂಕಿನವರು. ತಾನು ಹುಟ್ಟಿ ಬೆಳೆದದ್ದು ಮುಂಬಯಿಯಾದರೂ ಮನೆಯ ಕನ್ನಡವನ್ನು ಹಾಗೇ ಉಳಿಸಿಕೊಂಡಿದ್ದಾಳೆ. ಖಾಸಗಿ ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಎರಡು ರಜೆ ಒಟ್ಟಿಗೆ ಸಿಕ್ಕಿದರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಹೊರಟುಬಿಡುತ್ತಾಳೆ. ಈ ಸಲ ಹೋಗಿ ಬಂದದ್ದು ಸೊಲ್ಲಾಪುರಕ್ಕೆ.

"ಸೊಲ್ಲಾಪುರದಲ್ಲಿ ನೋಡ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಚಾದರ ಬಿಟ್ರೆ?" ಎಂದರು ಹಿರಿಯರು.

"ನೀವು ಇಳಿದು ನೋಡೀರೇನ್ರಿ ಕಾಕಾ?"

"ಇಳಿಯುದು ಎಂತಕ್ಕೆ? ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಎಷ್ಟು ಸಲ ಹಾದು ಹೋಗಿದ್ದೇವೆ. ಪ್ಲಾಟ್‌ಫಾರ್ಮಿನಲ್ಲಿ ಚಾ ಕುಡಿದಿದ್ದೇನೆ."

"ಅದಕ್ಕ ಹೇಳೂದು. ಊರಿನ ನಡುವ ಕೆರಿ ಐತಿ, ಕೆರಿ ನಡುವ ಸಿದ್ಧೇಶ್ವರ ಗುಡಿ ಐತಿ, ಬಾಜೂಕ ಕೋಟಿ. ಆ ಸಿದ್ಧರಾಮ ಯಾರು? ನಮ್ಮ ಬಸವಣ್ಣನ ಕಾಲದಾಂವ, ಕನ್ನಡದಾಗ ವಚನ ಬರದಾಂವ. ಸಂಕ್ರಾಂತಿಗೆ ಗಡ್ಡ ಜಾತ್ರಿ ಅಂದ್ರ ಅಷ್ಟುದ್ದದ ನಂದಿಧ್ವಜ ಹೊತ್ಕೊಂಡು ಊರ ತುಂಬ ಮೆರವಣಿಗಿ. ಅರವತ್ತೆಂಟು ಲಿಂಗಾ ಸ್ಥಾಪನಾ ಮಾಡ್ಯಾನ ಅಂತಾರ, ಆ ಎಲ್ಲಾ ಲಿಂಗದ ಮುಂದ ಹೋಗ್ತೈತಿ ಮೆರವಣಿಗಿ."

ಹಿರಿಯರು ತಲೆಯಾಡಿಸಿದರೇ ಹೊರತು ಒಪ್ಪಿದಂತೆ ಕಾಣಲಿಲ್ಲ. ಗುಡಿ, ಕೆರೆ, ಕೋಟೆ ಎಲ್ಲ ಊರಲ್ಲೂ ಇರುತ್ತದೆಂಬುದು ಅವರ ನಿಲುವು. ಆಕೆ ಮಾತು ಬದಲಿಸಿ ಶೇಂಗಾ ಚಟ್ನಿ ಕೊಂಡ ಕಥೆ ಹೇಳಿದಳು. ಸೊಲ್ಲಾಪುರದ ಶೇಂಗಾ ಚಟ್ನಿ ನುಣ್ಣಗೆ ಪುಡಿಯಾಗಿರುವುದಿಲ್ಲ. ಬೆಳ್ಳುಳ್ಳಿ, ಕೆಂಪುಖಾರದ ಜೊತೆ ಕುಟ್ಟಿ ಕುಟ್ಟಿ ಶೇಂಗಾದ ಎಣ್ಣೆಯೇ ಬಿಟ್ಟು ಮುದ್ದೆಮುದ್ದೆಯಾಗಿರುತ್ತದೆ. ಬೆರಳಿಂದ ಒತ್ತಿದರೆ ಅಚ್ಚು ಮೂಡಬೇಕು. ಪಕ್ಕದಲ್ಲೇ ಕಡಕ್ ರೊಟ್ಟಿಯ ಅಟ್ಟಿ, ಮುಟ್ಟಿದರೆ ಸಾಕು ಅಂಚು ಮುರಿಯುವಷ್ಟು ಒಣಗಿದ್ದು. ಮಾರುವ ಹೆಂಗಸು ಮರಾಠಿಯಲ್ಲಿ ದರ ಹೇಳಿದಳಂತೆ. ಈಕೆ ಬಾಯಿತಪ್ಪಿ "ಅಯ್ಯ, ಭಾಳ ಆತು" ಎಂದಳಂತೆ. ಆಮೇಲಿನ ಚೌಕಾಶಿ ಪೂರ್ತಿ ಕನ್ನಡದಲ್ಲಿ, ಅದೂ ಇಂಡಿ ಕಡೆಯ ಕನ್ನಡದಲ್ಲಿ, ದರವೂ ಇಳಿಯಿತು.

"ದರ ಎಷ್ಟು ಇಳಿಯಿತು?" ಹಿರಿಯರಿಗೆ ಈಗ ಆಸಕ್ತಿ ಬಂತು.

ಮುಂಬಯಿ ಕನ್ನಡಿಗರ ಪ್ರವಾಸದಲ್ಲಿ ಸೊಲ್ಲಾಪುರದಂಥ ಊರು ಹೀಗೆ ಕೈಬಿಟ್ಟು ಹೋಗಿದ್ದಕ್ಕೆ ರೈಲ್ವೆಯದೂ ಒಂದು ಪಾಲಿದೆ. 500 ಕಿಲೋಮೀಟರಿಗಿಂತ ಉದ್ದದ ಪ್ರಯಾಣದ ಟಿಕೆಟ್ ಇದ್ದವರು ನಡುವೆ ಇಳಿದು, ಸ್ಟೇಷನ್ನಿನಲ್ಲಿ ಬರೆಸಿಕೊಂಡು, ಎರಡು ದಿನ ಇದ್ದು ಮುಂದೆ ಹೋಗಬಹುದೆಂಬ ಬ್ರೇಕ್ ಜರ್ನಿಯ ಹಳೆಯ ನಿಯಮವಿದೆ. ಷರತ್ತು ಏನೆಂದರೆ, ಮೊದಲ ಇಳಿತ 500 ಕಿಲೋಮೀಟರ್ ದಾಟಿದ ಮೇಲೇ ಆಗಬೇಕು. ಸಿಎಸ್‌ಎಂಟಿಯಿಂದ ಸೊಲ್ಲಾಪುರ 455 ಕಿಲೋಮೀಟರ್. ಹಿರಿಯರು ಈ ನಿಯಮವನ್ನು ಬಾಯಿಪಾಠದಂತೆ ಒಪ್ಪಿಸಿ, ತಾವು ಇಳಿಯದಿದ್ದದ್ದು ಕಾನೂನಿಗೆ ತಲೆಬಾಗಿ ಎಂಬಂತೆ ಗೆದ್ದ ಮುಖ ಮಾಡಿದರು.

"ಹಂಗಾರ ಕಲಬುರಗಿಗೆ ಇಳೀಬೇಕಿತ್ತಲ್ರಿ! ಸೊಲ್ಲಾಪುರ ದಾಟಿ ನೂರು ಚಿಲ್ಲರ ಕಿಲೋಮೀಟರ್. ಕಾನೂನು ಅಡ್ಡ ಬರೂದಿಲ್ಲ."

"ಕಲಬುರಗಿಯಲ್ಲಿ ಬಿಸಿಲು."

"ಬಿಸಿಲಿಗೇ ಕಟ್ಟಿದಂಗ ಐತ್ರಿ ಅಲ್ಲಿ ಕೋಟಿಯೊಳಗಿನ ಜಾಮಿ ಮಸೀದಿ. 1367ರಾಗ ಕಟ್ಟಿದ್ದು. ಬೇರೆ ಮಸೀದಿಗೆಲ್ಲಾ ನಡುವ ಬಯಲು ಅಂಗಳ ಇರ್ತೈತಿ. ಇದಕ್ಕ ಅಂಗಳಾನ ಇಲ್ಲ, ಅಷ್ಟಕ್ಕಷ್ಟೂ ಸಣ್ಣ ಸಣ್ಣ ಗುಮ್ಮಟದ ಚಾವಣಿ. ಮೇ ತಿಂಗಳ ಮಧ್ಯಾಹ್ನ ಒಳಗ ಕಾಲಿಟ್ರ ತಂಪು. ಒಬ್ಬ ಮುದುಕ ಅಲ್ಲೇ ಕಂಬಕ್ಕ ಆನಿಕೊಂಡು ನಿದ್ದಿ ಹೊಡೀತಿದ್ದ. ನಾನೂ ಅರ್ಧ ತಾಸು ಕುಂತೆ."

"ಅಷ್ಟು ದೂರ ಹೋಗಿ ಕೂತು ಬಂದದ್ದಾ?"

"ಹೌದ್ರಿ. ಕುಂತು ಬಂದೆ."

ಹಿರಿಯರ ಪಾಲಿನ ವಾದವನ್ನೂ ಕೇಳಬೇಕು. ಅದನ್ನು ಲಘುವಾಗಿ ತೆಗೆದುಹಾಕುವಂತಿಲ್ಲ. ಎಲ್‌ಟಿಸಿ ಇಲ್ಲದಿದ್ದರೆ ಗುಮಾಸ್ತನಾಗಿ ಸೇರಿ, ಮೂರು ಮಕ್ಕಳ ಫೀಸು ಕಟ್ಟಿದವರು ಕಲ್ಕತ್ತೆಯನ್ನೂ ಮಧುರೆಯನ್ನೂ ಅಂಡಮಾನನ್ನೂ ಯಾವ ದುಡ್ಡಿನಲ್ಲಿ ನೋಡಬೇಕಿತ್ತು? ಹತ್ತು ದಿನದ ಗಳಿಕೆ ರಜೆಯನ್ನು ನಗದು ಮಾಡಿಕೊಳ್ಳುವ ಸೌಲಭ್ಯ ಬಂದ ಮೇಲೆ ಹೋಟೆಲಿನ ಖರ್ಚಿಗೂ ಆಸರೆಯಾಯಿತು. ಪುಕ್ಕಟೆ ಸಿಕ್ಕಿದ್ದೆಂದು ಅವರು ಕಣ್ಣು ಮುಚ್ಚಿಕೊಂಡು ತಿರುಗಿದವರೂ ಅಲ್ಲ.

"ಮಧುರೆಯಲ್ಲಿ ನಾನು ಎಂತ ನೋಡಿದ್ದು ಹೇಳ್ತೇನೆ ಕೇಳು," ಎಂದರು. "ಎಲ್ಲರೂ ಮೀನಾಕ್ಷಿಯ ಗೋಪುರ ನೋಡ್ತಾರೆ. ನಾನು ಬೀದಿ ನೋಡಿದೆ. ದೇವಸ್ಥಾನದ ಸುತ್ತ ಚೌಕಕ್ಕೆ ಒಂದು ಬೀದಿ, ಅದರ ಹೊರಗೆ ಮತ್ತೊಂದು ಚೌಕ, ಅದರ ಹೊರಗೆ ಇನ್ನೊಂದು. ಬೀದಿಗಳಿಗೆ ತಮಿಳು ತಿಂಗಳ ಹೆಸರು ಉಂಟು: ಆಡಿ, ಚಿತ್ತಿರೈ, ಮಾಸಿ. ನನ್ನ ಸಣ್ಣ ಮಗ ಕೈ ತಪ್ಪಿಸಿಕೊಂಡಿದ್ದ. ಹೂವಿನ ಅಂಗಡಿಯವ ಹೇಳಿದ, ಹೆದರಬೇಡಿ ಸಾರ್, ಈ ಊರಲ್ಲಿ ಸುತ್ತಿದವ ಸುತ್ತಿ ಇಲ್ಲಿಗೇ ಬರ್ತಾನೆ ಅಂತ. ಹಾಗೇ ಆಯ್ತು ಗೊತ್ತುಂಟಾ, ಕಾಲು ಗಂಟೆಯಲ್ಲಿ ಇನ್ನೊಂದು ಮೂಲೆಯಿಂದ ಬಂದ, ಕೈಯಲ್ಲಿ ಬಲೂನು."

"ಉಡುಪಿ ರಥಬೀದಿನೂ ಹಂಗ ಅಲ್ಲೇನ್ರಿ?"

"ನಮ್ಮದು ಒಂದೇ ಸುತ್ತು. ಅಲ್ಲಿ ಊರಿಗೆ ಊರೇ ಸುತ್ತು."

ಕಲ್ಕತ್ತೆಯ ಬಗ್ಗೆ ಅವರಿಗೆ ಇನ್ನೂ ಹೆಚ್ಚು ಪ್ರೀತಿ. ಹೌರಾ ಸೇತುವೆಯ ಬುಡದಲ್ಲಿರುವ ಮಲ್ಲಿಕ್ ಘಾಟಿನ ಹೂವಿನ ಸಂತೆಗೆ ಬೆಳಗಿನ ಜಾವ ಹೋಗಿ, ತಲೆಯ ಮೇಲೆ ಆಳೆತ್ತರದ ಚೆಂಡುಹೂವಿನ ಮಾಲೆ ಹೊತ್ತು ಓಡುವವರಿಗೆ ದಾರಿ ಬಿಡುತ್ತ ಗಂಟೆಗಟ್ಟಲೆ ನಿಂತಿದ್ದನ್ನು ಅವರು ವರ್ಣಿಸುವಾಗ ನಡಿಗೆಯೂ ನಿಧಾನವಾಯಿತು. ಟ್ರಾಮಿನಲ್ಲಿ ಕೂತು ಎಲ್ಲಿಗೂ ಹೋಗಬೇಕಿಲ್ಲದಿದ್ದರೂ ಕೊನೆಯ ನಿಲ್ದಾಣದವರೆಗೆ ಹೋಗಿದ್ದರು. 1873ರಲ್ಲಿ ಕುದುರೆ ಎಳೆಯುತ್ತ ಶುರುವಾದ ಆ ಟ್ರಾಮು ಈ ದೇಶದಲ್ಲಿ ಉಳಿದುಕೊಂಡದ್ದು ಕಲ್ಕತ್ತೆಯಲ್ಲಿ ಮಾತ್ರ. ಮುಂಬಯಿಯ ಟ್ರಾಮ್ 1964ರ ಮಾರ್ಚ್ 31ಕ್ಕೆ ನಿಂತುಹೋಗಿ, ದಾದರ್ ಟಿಟಿ (ಟ್ರಾಮ್ ಟರ್ಮಿನಸ್) ಎಂಬ ಹೆಸರಲ್ಲಷ್ಟೇ ಉಳಿದಿದೆ.

ಅಂಡಮಾನಿನ ಸೆಲ್ಯುಲರ್ ಜೈಲಿನ ವಿಷಯಕ್ಕೆ ಬಂದಾಗ ಅವರು ದೇಶಭಕ್ತಿಯ ಭಾಷಣ ಮಾಡಲಿಲ್ಲ. ಅವರಿಗೆ ಹೊಕ್ಕಿದ್ದು ಕಟ್ಟಡದ ಲೆಕ್ಕಾಚಾರ. ನಡುವಿನ ಗೋಪುರದಿಂದ ಏಳು ರೆಕ್ಕೆಗಳು, ಒಂದು ರೆಕ್ಕೆಯ ಕೋಣೆಯ ಬಾಗಿಲು ಇನ್ನೊಂದರ ಬೆನ್ನಿಗೆ ನೋಡುವಂತೆ. ಒಬ್ಬ ಕೈದಿಯ ಮುಖ ಇನ್ನೊಬ್ಬನಿಗೆ ಕಾಣಬಾರದೆಂದೇ ಹಾಗೆ ಕಟ್ಟಿದ್ದು. ಏಳರಲ್ಲಿ ಈಗ ಮೂರು ಉಳಿದಿವೆ.

"ನಮ್ಮ ಕ್ವಾರ್ಟರ್ಸ್ ಕಟ್ಟಿದವ ಅದರ ಉಲ್ಟಾ ಮಾಡಿದ್ದಾನೆ ನೋಡು. ಅಡುಗೆಮನೆ ಕಿಟಕಿ ತೆಗೆದ್ರೆ ಎದುರಿನವರ ಒಗ್ಗರಣೆ ಕಾಣ್ತದೆ."

ಇಬ್ಬರೂ ನಕ್ಕರು. ಅಷ್ಟರಲ್ಲಿ ಮೋನೋರೈಲಿನ ಮಾತು ಬಂತು, ಆಂಟಾಪ್ ಹಿಲ್ಲಿನಲ್ಲಿ ಅದು ಬರದೇ ಇರುವುದಿಲ್ಲ. 2014ರ ಫೆಬ್ರುವರಿಯಲ್ಲಿ ಚೆಂಬೂರಿನಿಂದ ವಡಾಲಾವರೆಗೆ ಓಡಿದ ಮೋನೋ, 2019ರ ಮಾರ್ಚಿನಲ್ಲಿ ಇಲ್ಲಿಗೂ ಬಂದು ಜೇಕಬ್ ಸರ್ಕಲ್‌ವರೆಗೆ ಹೋಯಿತು. ಆಗ ಕಾಲೊನಿಯವರು ಕೆಲಸವಿಲ್ಲದಿದ್ದರೂ ಮಕ್ಕಳನ್ನು ಕಟ್ಟಿಕೊಂಡು ಹತ್ತಿ, ಕೊನೆಯವರೆಗೆ ಹೋಗಿ, ಇಳಿಯದೆ ವಾಪಸ್ಸು ಬಂದರು. ಚೆಂಬೂರಿನ ಕಡೆಗೆ ಹೋದವರಿಗೆ ಭಕ್ತಿ ಪಾರ್ಕ್ ದಾಟಿದ ಮೇಲೆ ಸಿಗುವ ಸ್ಟೇಷನ್ನಿನ ಹೆಸರು ಮೈಸೂರು ಕಾಲೊನಿ. ಅಲ್ಲಿ ಅರಮನೆಯಿಲ್ಲ, ಕಿಟಕಿಯಲ್ಲಿ ಕಾಣುವುದು ಎಣ್ಣೆ ಶುದ್ಧೀಕರಣದ ಕೊಳವೆ, ಟ್ಯಾಂಕುಗಳು. 2025ರ ಸೆಪ್ಟೆಂಬರಿನಲ್ಲಿ ಸುಧಾರಣೆಗೆಂದು ಈ ಸೇವೆಯನ್ನೇ ನಿಲ್ಲಿಸಿದರು.

"ನಿಜವಾದ ಮೈಸೂರು ನಂಗ ಅಷ್ಟೇನೂ ಹತ್ತಲಿಲ್ಲ ಕಾಕಾ," ಎಂದಳು ಆಕೆ, ತುಸು ತುಂಟತನದಿಂದ.

ಹಿರಿಯರು ನಿಂತೇಬಿಟ್ಟರು. "ಮೈಸೂರು ಹತ್ತಲಿಲ್ಲವಾ!"

"ಭಾನುವಾರ ಸಂಜೀಕ ಅರಮನಿ ದೀಪ ಹಚ್ಚಿದ್ರು. ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು. ಹಚ್ಚಿದ ಕೂಡಲೇ ಎಲ್ಲಾರೂ ಫೋನ್ ಎತ್ತಿ ಹಿಡಿದ್ರು, ನನಗ ಕಂಡದ್ದು ಮುಂದಿನಾಂವನ ಫೋನಿನಾಗಿನ ಅರಮನಿ. ಮರುದಿನ ಬೆಳಿಗ್ಗೆ ದೇವರಾಜ ಮಾರ್ಕೆಟ್ಟಿಗೆ ಹೋದೆ. ಕುಂಕುಮದ ರಾಶಿ, ವೀಳ್ಯದೆಲಿ, ರಸಬಾಳಿಹಣ್ಣು. ಅದು ಮಾತ್ರ ಭಾಳ ಹಿಡಿಸ್ತು."

"ಹಾಗಾದ್ರೆ ಹತ್ತಿತಲ್ಲ! ಅರಮನೆ ಹೆನ್ರಿ ಇರ್ವಿನ್ ಕಟ್ಟಿದ್ದು, 1912ಕ್ಕೆ ಮುಗಿದದ್ದು. ಮಾರ್ಕೆಟ್ಟು ಊರಿನವರದ್ದು. ನಿನಗೆ ಯಾವುದು ಹಿಡಿಸ್ತದೆ ಅಂತ ನನಗೆ ಗೊತ್ತುಂಟು."

ಈಕೆಯ ತವರು ಸೀಮೆಯ ಬಗ್ಗೆ ಮಾತು ಬಂದಾಗ ಪಾತ್ರಗಳು ಅದಲುಬದಲಾದವು. ವಿಜಯಪುರದ ಗೋಳಗುಮ್ಮಟವನ್ನು ಹಿರಿಯರು ಒಂದು ಎಲ್‌ಟಿಸಿಯ ಮರುದಾರಿಯಲ್ಲಿ, ಸ್ವಂತ ಖರ್ಚಿನಲ್ಲೇ, ನೋಡಿದ್ದರು. ಹೊರಗಿನಿಂದ 44 ಮೀಟರ್ ಅಡ್ಡಳತೆಯ ಗುಮ್ಮಟ, ಕೆಳಗೆ ಒಂದೇ ಒಂದು ಕಂಬವಿಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳು ಆ ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. 1656ರಲ್ಲಿ ತೀರಿಕೊಂಡ ಮಹಮದ್ ಆದಿಲ್ ಶಾಹಿಯ ಗೋರಿ ಅದು. ಇಷ್ಟನ್ನೂ ಅವರು ಹೇಳಿದರು. ಆಕೆಯೋ ಅಜ್ಜನ ಊರಿಗೆ ಪ್ರತಿ ಬೇಸಿಗೆ ಹೋಗುತ್ತಿದ್ದರೂ ಗುಮ್ಮಟದೊಳಗೆ ಕಾಲಿಟ್ಟದ್ದು ಡಿಗ್ರಿ ಮುಗಿದ ಮೇಲೆ.

"ನಮ್ಮ ಕಡಿಯವರು ಗೋಳಗುಮ್ಮಟಕ್ಕ ಹೋಗೂದು ಬೀಗರು ಬಂದಾಗ್ರಿ. ಬೀಗರಿಲ್ಲಂದ್ರ ಹೊರಗಿನಿಂದ ಕೈ ಮಾಡಿ ತೋರಿಸಿ ಮುಗಿಸ್ತಾರ."

"ನಾವು ಹೋದಾಗ ಎರಡು ಶಾಲೆಯ ಮಕ್ಕಳು ಒಟ್ಟಿಗೆ ಮೇಲೆ ಇದ್ರು. ಪಿಸುಗುಟ್ಟಿದ್ದು ಆಚೆ ಗೋಡೆಗೆ ಕೇಳ್ತದೆ ಅಂತ ಗೈಡ್ ಹೇಳಿದ್ದು. ಅಲ್ಲಿ ಪಿಸುಗುಟ್ಟುವವರು ಯಾರೂ ಇರ್ಲಿಲ್ಲ."

"ಬೆಳಿಗ್ಗೆ ಬಾಗಿಲು ತೆಗದ ಕೂಡಲೇ ಹೋಗಬೇಕ್ರಿ. ಮೂಲಿಯೊಳಗಿನ ಮಿನಾರಿನ ಮೆಟ್ಟಲ ಹತ್ತಿ ಗ್ಯಾಲರಿಗೆ ಬಂದ್ರ ಕಾವಲುಗಾರ ಒಬ್ಬಾಂವ. ಅಂವ ಕಾಗದ ಹರದು ತೋರಿಸಿದ. ಗೋಡೀಗೆ ಕಿವಿ ಹಚ್ಚಿ ನಿಂತಿದ್ದೆ. ಆ ಕಡಿ ಗೋಡಿ ಹತ್ರ ಅಂವ ಹರದ ಚರ್ ಚರ್ ಸಪ್ಪಳ ನನ್ನ ಕಿವ್ಯಾಗ ಹರದಂಗಾತು."

ಹಿರಿಯರು ಅಂಗೈ ಉಜ್ಜಿಕೊಂಡರು. ಗುಮ್ಮಟವನ್ನು ಮತ್ತೆ ನೋಡಬೇಕೆಂಬ ಆಸೆ ಹುಟ್ಟಿತ್ತೆಂಬುದು ಆ ಗಳಿಗೆಯ ಅವರ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. ಹುಟ್ಟಿದ ಆಸೆಯನ್ನು ಮುಚ್ಚಲು ಒಂದು ಪ್ರಶ್ನೆ ಎಸೆದರು: "ಹೀಗೆ ಒಬ್ಬಳೇ ಇಳಿದ್ರೆ ಉಳಿಯುದು ಎಲ್ಲಿ?"

ಇದು ಸರಿಯಾದ ಜಾಗಕ್ಕೆ ತಗಲಿತು. ಸಣ್ಣ ಊರುಗಳ ಬಗ್ಗೆ ಉತ್ಸಾಹದಿಂದ ಬರೆಯುವವರು ಲಾಡ್ಜಿನ ಕೌಂಟರಿನ ಮಾತನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆಕೆ ಬಿಡಲಿಲ್ಲ. ಆಧಾರ್ ಕಾರ್ಡ್ ಕೊಟ್ಟ ಮೇಲೂ "ಜೋಡಿ ಯಾರು ಅದಾರು?" ಎಂದು ಕೇಳುವುದು, ಯಾರೂ ಇಲ್ಲವೆಂದರೆ ರೂಮೇ ಖಾಲಿಯಿಲ್ಲವೆನ್ನುವುದು, ಮುಂಗಡ ಕಟ್ಟಿದ್ದರೂ "ಮಾಲಕರನ್ನ ಕೇಳಬೇಕು" ಎಂದು ಕೂಡಿಸುವುದು. ಒಂದೂರಿನಲ್ಲಿ ರಾತ್ರಿ ಒಂಬತ್ತಕ್ಕೆ ಎರಡು ಲಾಡ್ಜ್ ಹೀಗೇ ವಾಪಸ್ಸು ಕಳಿಸಿ, ಮೂರನೆಯದರ ಮಾಲಕನ ಹೆಂಡತಿ ಒಳಗಿಂದ ಬಂದು ಕೀಲಿ ಕೊಟ್ಟಳಂತೆ. ಯಾವ ಊರೆಂದು ಕೇಳಿದರೆ ಹೇಳಲಿಲ್ಲ. ಊರಿನ ಹೆಸರು ಕೆಡಿಸಬಾರದೆಂದು.

"ನೋಡು, ಅದಕ್ಕೇ ನಾವು ಥ್ರೂ ಟಿಕೆಟ್ಟು ತೆಗೆದದ್ದು. ಹೆಂಡತಿ, ಮಕ್ಕಳು, ಹೋಲ್ಡಾಲು, ನೀರಿನ ಕೂಜೆ. ನಡುವೆ ಇಳಿದು ರೂಮು ಹುಡುಕುದಾ?"

"ಅದು ಖರೇರಿ," ಎಂದಳು. ಈ ಸುತ್ತನ್ನು ಅವರಿಗೇ ಬಿಟ್ಟುಕೊಟ್ಟಳು.

ಗೆದ್ದ ಉಮೇದಿನಲ್ಲಿ ಹಿರಿಯರು ಕೊಂಕಣ ರೈಲ್ವೆಗೆ ಮುಂಚಿನ ಕಾಲ ತೆಗೆದರು. ಅವರ ಅಪ್ಪನ ಪೀಳಿಗೆ ಮುಂಬಯಿಗೆ ಬಂದದ್ದು ಹಡಗಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿಕೊಂಡು. ಅವರ ಕಾಲಕ್ಕೆ ಬಸ್ಸು. ಕಶೇಡಿ ಘಾಟಿ, ಪರಶುರಾಮ ಘಾಟಿ ಹತ್ತಿಳಿಯುತ್ತ, ಒಂದು ಹಗಲು ಒಂದು ರಾತ್ರಿ ಕೂತು, ಮಳೆಗಾಲದಲ್ಲಿ ಅದಕ್ಕಿಂತ ಹೆಚ್ಚು. ರೈಲು ಬೇಕೆಂದರೆ ಘಟ್ಟದ ಮೇಲಿನ ಸುತ್ತುದಾರಿ. 1990ರಲ್ಲಿ ನಿಗಮ ಹುಟ್ಟಿ, 1998ರ ಜನವರಿ 26ಕ್ಕೆ ರೋಹಾದಿಂದ ಮಂಗಳೂರಿನ ಹತ್ತಿರದ ತೋಕೂರಿನವರೆಗೆ 741 ಕಿಲೋಮೀಟರ್ ಹಳಿ ಪೂರ್ತಿ ತೆರೆದುಕೊಂಡಿತು. ಅದೇ ಮೇ ತಿಂಗಳಲ್ಲಿ ಕುರ್ಲಾದಿಂದ ಮತ್ಸ್ಯಗಂಧ ಹೊರಟಿತು.

"ಅದು ಬಂದ ಮೇಲೆ ನಮ್ಮವರಿಗೆ ಊರು ಹತ್ತಿರ ಆಯ್ತು. ಮಧ್ಯಾಹ್ನ ಊಟ ಮಾಡಿ ಹತ್ತಿದ್ರೆ ಬೆಳಿಗ್ಗೆ ಊರಿನ ಕಾಫಿ. ನಿನ್ನ ತಲೆಮಾರಿಗೆ ಇಳಿಯುದು ಶೋಕಿ. ನಮಗೆ ತಲಪುದೇ ದೊಡ್ಡದು."

ಮಾತು ನಿಜ. ಮುಂಬಯಿಯ ತುಳು ಕನ್ನಡಿಗರ ಮನೆಗಳಲ್ಲಿ ಬೇಸಿಗೆ ರಜೆ ಎಂದರೆ ನೇಮ, ಮದುವೆ, ಗೃಹಪ್ರವೇಶಗಳ ಪಟ್ಟಿ. ಅದರಲ್ಲಿ ಊರು ನೋಡುವ ಬಿಡುವು ಎಲ್ಲಿ ಸಿಗಬೇಕು? ಆದರೂ ಈ ಹಳಿಯ ಮೇಲೆ ನೋಡುವಂಥದ್ದೆಲ್ಲ ಅವರು ಮಲಗಿದ ಮೇಲೆ ಹಾದುಹೋಗುತ್ತದೆಂಬುದೂ ಅಷ್ಟೇ ನಿಜ. ರತ್ನಾಗಿರಿ ಹತ್ತಿರದ ಪಾನ್ವಲ್ ಸೇತುವೆ 64 ಮೀಟರ್ ಎತ್ತರ. ಕರಬುಡೆ ಸುರಂಗ ಆರೂವರೆ ಕಿಲೋಮೀಟರ್ ಉದ್ದ. ಹೊನ್ನಾವರದಲ್ಲಿ ಶರಾವತಿಯ ಮೇಲಿನ ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು. ಹಗಲಲ್ಲಿ ಅದರ ಮೇಲೆ ಹೋದವರಿಗೆ ಮಾತ್ರ ಗೊತ್ತು, ನದಿ ಅಲ್ಲಿ ಎಷ್ಟು ಅಗಲವಾಗಿ ಸಮುದ್ರಕ್ಕೆ ಹೋಗುತ್ತದೆಂದು.

"ಒಮ್ಮೆ ಮಾಂಡೋವಿ ಹತ್ರಿ ಕಾಕಾ. ಬೆಳಿಗ್ಗೆ ಸಿಎಸ್‌ಎಂಟಿಯಿಂದ ಹೊರಟು ಸಂಜೀಕ ಮಡಗಾಂವ. ಇಡೀ ಕೊಂಕಣ ಕಿಟಕ್ಯಾಗ ಕಾಣ್ತೈತಿ. ತಿನ್ನಾಕಂತೂ ಐದು ಮಿನಿಟಿಗೊಂದು ಬರ್ತೈತಿ."

"ಮಡಗಾಂವಿನಿಂದ ಮುಂದೆ?"

"ಅಲ್ಲೇ ಇರ್ರಿ ಒಂದು ರಾತ್ರಿ. ಮರುದಿನ ಕಾರವಾರ, ಹೊನ್ನಾವರ ಹಗಲಿನಾಗ ದಾಟ್ರಿ."

"ಊಟದ ವಿಷಯ ಬಿಟ್ಟು ನಿನ್ನ ಪ್ರವಾಸ ಉಂಟಾ?"

ಇಲ್ಲವೆಂದು ಒಪ್ಪಿಕೊಂಡು ಆಕೆ ಬಾದಾಮಿಗೆ ಹಾರಿದಳು. ಬಾದಾಮಿಯ ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವಿದೆ, ಹಾಗಾಗಿ ಅದರ ವಯಸ್ಸಿನ ಬಗ್ಗೆ ತಕರಾರಿಲ್ಲ. ಕೆಂಪು ಕಲ್ಲು, ಅಗಸ್ತ್ಯ ತೀರ್ಥ, ಕೋತಿಗಳು, ಎಲ್ಲ ಎಲ್ಲರಿಗೂ ಗೊತ್ತು. ಅವಳ ನೆನಪು ಸ್ವಲ್ಪ ಆಚೆಯ ಬನಶಂಕರಿಯದು. ಗುಡಿಯ ಹೊರಗೆ ಮರದ ನೆರಳಲ್ಲಿ ಬುಟ್ಟಿ ಇಳಿಸಿ ಕೂತ ಹೆಂಗಸರು. ಬುಟ್ಟಿಯಲ್ಲಿ ಬಿಳಿ ಬಟ್ಟೆ ಸುತ್ತಿದ ಜೋಳದ ರೊಟ್ಟಿ, ಕೆಂಪು ಚಟ್ನಿ, ಕಾಳುಪಲ್ಲೆ, ಪುಟ್ಟ ಗಡಿಗೆಯಲ್ಲಿ ಹೆಪ್ಪು ಹಾಕಿದ ಗಟ್ಟಿ ಮೊಸರು. ಗಿರಾಕಿ ಬುಟ್ಟಿಯ ಮುಂದೆ ನೆಲದ ಮೇಲೇ ಕೂರಬೇಕು. ರೊಟ್ಟಿ ತಟ್ಟೆಗೆ ಬೀಳುವಾಗ ಆ ತಾಯಿ "ಯಾವೂರು?" ಎಂದಳು. ಮುಂಬಯಿ ಎಂದದ್ದಕ್ಕೆ, "ಅಲ್ಲಿ ಜೋಳ ಸಿಗತೈತೇನ?" ಎಂದು ಕೇಳಿ ಇನ್ನೊಂದು ರೊಟ್ಟಿ ಹಾಕಿದಳು, ಅದಕ್ಕೆ ದುಡ್ಡು ಹಿಡಿಯಲಿಲ್ಲ.

ಬೀದರಿನ ವಿಷಯದಲ್ಲಿ ಆಂಟಾಪ್ ಹಿಲ್ಲಿನ ಕನ್ನಡಿಗರು ಸ್ವಲ್ಪ ನಾಚಿಕೊಳ್ಳಬೇಕು. ಪಕ್ಕದ ಸಯನ್ ಕೋಳಿವಾಡಾದಲ್ಲಿ ದೇಶ ವಿಭಜನೆಯ ನಂತರ ನೆಲೆಸಿದ ಪಂಜಾಬಿಗಳಿಂದಾಗಿ ಕೋಳಿವಾಡಾ ಸ್ಟೇಷನ್ನೇ ಗುರು ತೇಗ್ ಬಹಾದ್ದೂರ್ ನಗರವಾಯಿತು. ಅಲ್ಲಿನ ಸಿಖ್ಖರು ನಾಂದೇಡದ ಹುಜೂರ್ ಸಾಹಿಬ್‌ಗೆ ಹೋದವರು ಬೀದರಿನ ನಾನಕ್ ಝೀರಾಕ್ಕೂ ಹೋಗಿಬರುತ್ತಾರೆ. ಗುರುನಾನಕರು ಸಿಹಿನೀರಿನ ಚಿಲುಮೆ ಚಿಮ್ಮಿಸಿದರೆಂದು ಅವರು ನಂಬುವ ಜಾಗ ಅದು. ಪಂಚ ಪ್ಯಾರೇ ಎಂದು ಕರೆಯುವ ಮೊದಲ ಐವರು ಖಾಲ್ಸಾಗಳಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು.

"ನನಗ ಬೀದರಿಗೆ ಹೋಗು ಅಂತ ಹೇಳಿದ್ದು ನಮ್ಮ ಬಾಜೂ ಮನಿ ಸರ್ದಾರ್ನಿ ಆಂಟಿ," ಎಂದಳು. "ನಮ್ಮವರು ಯಾರೂ ಹೇಳಲಿಲ್ಲ."

ಅಲ್ಲಿ ಆಕೆ ಒಂದು ಬಿದರಿ ಕೆಲಸದ ಅಂಗಡಿಯಲ್ಲಿ ಬಹಳ ಹೊತ್ತು ಕೂತಿದ್ದಳು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಹೂಜಿ ಮೊದಲಿಗೆ ಬೂದುಬಣ್ಣ, ನೋಡಲು ಏನೂ ಇಲ್ಲ. ಕುಶಲಕರ್ಮಿ ಉಳಿಯಿಂದ ಬಳ್ಳಿ ಕೊರೆದು, ಆ ಗೀರಿನೊಳಗೆ ಕೂದಲಿನಂಥ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಬಡಿಯುತ್ತಾನೆ. ಉಜ್ಜಿ ನುಣುಪು ಮಾಡಿದಾಗ ಬೆಳ್ಳಿಯೂ ಸತುವೂ ಒಂದೇ ಥರ ಹೊಳೆದು ಚಿತ್ರವೇ ಮಾಯವಾಗಿಬಿಡುತ್ತದೆ. ಕೊನೆಗೆ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಕಲಸಿ, ಬಿಸಿ ಮಾಡಿ ಬಳಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಆಗುವುದಿಲ್ಲ.

"ಆ ಮಣ್ಣು ಬಾಯಾಗ ಹಾಕ್ಕೊಂಡು ರುಚಿ ನೋಡಿದ್ರಿ ಅಂವ! ನಾಲಗಿಗೆ ಹತ್ತಿದ ಮ್ಯಾಲೆ ಈ ಮಣ್ಣು ಆಗತೈತಿ, ಆ ಮಣ್ಣು ಆಗೂದಿಲ್ಲ ಅಂತಾನ."

"ಕೊಂಡೆಯಾ ಎಂತಾದ್ರೂ?"

"ಒಂದು ಸಣ್ಣ ಡಬ್ಬಿ. ಅವ್ವ ಅದರಾಗ ಮಾತ್ರಿ ಇಟ್ಕೋತಾಳ."

ಕತ್ತಲಾಗುತ್ತ ಬಂದಿತ್ತು. ಹಿರಿಯರು ಕೊನೆಯ ಅಸ್ತ್ರವಾಗಿ, ಇಷ್ಟೆಲ್ಲ ತಿರುಗಲು ಪ್ರಾಯ ಬೇಕು, ಮೊಣಕಾಲು ಬೇಕು, ಮುಂಬಯಿ ಬಿಟ್ಟು ರಾತ್ರಿ ಹೊರಗೆ ಉಳಿಯಲು ಡಾಕ್ಟರು ಬಿಡುವುದಿಲ್ಲ ಎಂದರು. ಆಕೆ ಅದಕ್ಕೂ ಸಿದ್ಧಳಾಗಿದ್ದಳು.

"ಮುಂಬೈ ಬಿಡೂದೇ ಬ್ಯಾಡ್ರಿ. ಕಾನ್ಹೇರಿ ನೋಡೀರೇನು?"

"ಬೋರಿವಲಿಯ ನ್ಯಾಷನಲ್ ಪಾರ್ಕಿನಲ್ಲಿ ಉಂಟಂತೆ ಗುಹೆ. ಬೌದ್ಧರದ್ದು ಅಲ್ವಾ?"

"ಬೌದ್ಧರದ್ದ. ನೂರಕ್ಕಿಂತ ಹೆಚ್ಚು ಗುಹಾ ಅದಾವು. ಅಲ್ಲಿ ಒಂದು ಶಾಸನದಾಗ ಯಾರ ಹೆಸರೈತಿ ಹೇಳ್ರಿ? ಅಮೋಘವರ್ಷಂದು."

"ನಮ್ಮ ಅಮೋಘವರ್ಷನಾ? ಮಾನ್ಯಖೇಟದ?"

ಅದೇ ಅಮೋಘವರ್ಷ. ಒಂಬತ್ತನೆಯ ಶತಮಾನದಲ್ಲಿ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಕ್ರಿ.ಶ. 843ರ ಹೊತ್ತಿಗೆ ಶಿಲಾಹಾರ ಪುಲ್ಲಶಕ್ತಿಯ ಕಾಲದಲ್ಲಿ ಕಾನ್ಹೇರಿಯ ಬಿಕ್ಕುಗಳಿಗೆ ಕೊಟ್ಟ ದಾನದ ಸಂಸ್ಕೃತ ಶಾಸನದಲ್ಲಿ ಅವನ ಒಡೆಯನಾಗಿ ಅಮೋಘವರ್ಷನ ಹೆಸರಿದೆ. ಮಾನ್ಯಖೇಟವೆಂದರೆ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ, ಕಾಗಿಣಾ ನದಿಯ ದಂಡೆಯ ಊರು. ಅಲ್ಲಿಂದ ಹೊರಟ ಆಳ್ವಿಕೆ ಮುಂಬಯಿಯ ಉಪನಗರದ ಕಾಡಿನ ಬಂಡೆಗೂ ಬಂದು ಮುಟ್ಟಿತ್ತು. ಐಹೊಳೆಯ 634ರ ಶಾಸನದಲ್ಲಿ ಪುಲಕೇಶಿ ನೂರಾರು ಹಡಗು ಕಟ್ಟಿಕೊಂಡು ಮುತ್ತಿದನೆಂದು ಹೇಳುವ ಪಶ್ಚಿಮ ಸಮುದ್ರದ ಪುರಿ ನಮ್ಮ ಎದುರಿನ ಘಾರಾಪುರಿಯೇ ಎಂದು ಕೆಲವು ವಿದ್ವಾಂಸರು ಹೇಳುವುದುಂಟು; ಅದು ವಾದ. ಕಾನ್ಹೇರಿಯದು ಕಲ್ಲಿನ ಮೇಲೇ ಇದೆ.

ಹಿರಿಯರು ಸುಮ್ಮನೆ ನಾಲ್ಕು ಹೆಜ್ಜೆ ನಡೆದರು. ಅಂಡಮಾನಿಗೆ ವಿಮಾನದಲ್ಲಿ ಹೋದವರು, ಹಾರ್ಬರ್ ಲೈನಿನಲ್ಲಿ ಬೋರಿವಲಿಗೆ ಹೋಗುವ ಬಗೆಯನ್ನು ಈಗ ಕೇಳತೊಡಗಿದರು.

"ವಡಾಲಾದಾಗ ಗೋರೆಗಾಂವ ಗಾಡಿ ಹಿಡೀರಿ. ಅಲ್ಲಿಂದ ಬೋರಿವಲಿ ಹತ್ತಿರ. ಪಾರ್ಕಿನೊಳಗ ಗುಹಾದ ತನಕ ಬಸ್ ಐತಿ. ಮೆಟ್ಟಲು ಅದಾವು, ಆದ್ರ ನಿಮಗ ಹತ್ತೂದು ಆಗತೈತಿ. ಬಂಡಿಗಲ್ಲಿನಾಗ ನೀರಿನ ತೊಟ್ಟಿ ಕೊರದಾರ ನೋಡ್ರಿ, ಮಳಿಗಾಲದಾಗ ತುಂಬಿ ಒಂದರಿಂದ ಒಂದಕ್ಕ ಹರೀತಾವು."

"ಸೋಮವಾರ ಹೋಗ್ತೇನೆ. ಜನ ಕಡಿಮೆ ಇರ್ತಾರೆ."

"ಸೋಮವಾರ ಪಾರ್ಕ್ ಬಂದ್ ಇರ್ತೈತ್ರಿ."

"ಹಾಗಾದ್ರೆ ಮಂಗಳವಾರ. ಮನೆಯವಳೂ ಬರ್ತಾಳೆ, ಬಿಡುದಿಲ್ಲ. ಅಲ್ಲಿ ತಿನ್ಲಿಕ್ಕೆ ಎಂತ ಸಿಗ್ತದೆ? ಅವಲಕ್ಕಿ, ಚಪಾತಿ ಕಟ್ಟಿಕೊಂಡು ಹೋದ್ರೆ ಆಯ್ತಲ್ಲ?"

"ಕಟ್ಕೋರಿ. ಆದ್ರ ಮಂಗ್ಯಾ ಭಾಳ ಅದಾವು, ಕೈಯಾಗಿನ ಡಬ್ಬಿನ ಕಸಗೊಂಡು ಹೋಗ್ತಾವು. ಝಿಪ್ಪಿನ ಚೀಲ ತಗೊಂಡು ಹೋಗ್ರಿ."